ಬಾತುಗಳ ಹಿಂದೆ ಬಿದ್ದ ಪೀಟರ್ ಸ್ಕಾಟ್

ಕೆರೆ ದಂಡೆಯಲ್ಲಿ ನಿಂತು ಕಾಡುಬಾತುಗಳ ಫೋಟೊ ತೆಗೆಯಲು ಹೋದವರಿಗೆಲ್ಲ ಒಂದು ಅನುಭವ ಆಗಿರುತ್ತೆ. ದೂರದಲ್ಲಿ ನೂರಾರು ಬಾತುಗಳು ಆರಾಮಾಗಿ ತೇಲ್ತಾ ಇರ್ತವೆ. ಫೋನಿನಲ್ಲಿ ಝೂಮ್ ಮಾಡಿದರೆ ಬರೀ ಕಪ್ಪು ಚುಕ್ಕೆ. ಇನ್ನೊಂದು ಹತ್ತು ಹೆಜ್ಜೆ ಮುಂದೆ ಹೋಗೋಣ ಅಂತ ಹೊರಟರೆ ಮೊದಲು ಒಂದು ಬಾತು ಕತ್ತು ಎತ್ತುತ್ತೆ, ಆಮೇಲೆ ಎರಡು, ಆಮೇಲೆ ಇಡೀ ಹಿಂಡು ಒಟ್ಟಿಗೇ ಎದ್ದು ಹಾರಿಹೋಗುತ್ತೆ. ನಮ್ಮ ಕೈಯಲ್ಲಿ ಉಳಿಯೋದು ಮಸುಕು ಮಸುಕಾದ ರೆಕ್ಕೆಗಳ ಒಂದು ಫೋಟೊ ಅಷ್ಟೇ.

ಆ ಹತ್ತು ಹೆಜ್ಜೆ ಇದೆಯಲ್ಲ, ಅದನ್ನು ದಾಟುವುದು ಹೇಗೆ ಅನ್ನೋ ಪ್ರಶ್ನೆಯ ಹಿಂದೆಯೇ ಇಡೀ ಆಯುಸ್ಸು ಕಳೆದ ಒಬ್ಬರ ಕಥೆ ಇದು. ಹೆಸರು ಪೀಟರ್ ಸ್ಕಾಟ್. ಇಂಗ್ಲೆಂಡಿನವರು. ಹೆಸರು ಕೇಳಿಲ್ಲ ಅನ್ನುವವರೂ ಅವರು ಬರೆದ ಒಂದು ಚಿತ್ರವನ್ನು ಖಂಡಿತ ನೋಡಿರುತ್ತಾರೆ. ಅದು ಯಾವುದು ಅಂತ ಆಮೇಲೆ ಹೇಳುತ್ತೇವೆ.

ಅಪ್ಪ ಬಿಟ್ಟುಹೋದ ಕಾಗದ

ಪೀಟರ್ ಹುಟ್ಟಿದ್ದು 1909ರ ಸೆಪ್ಟೆಂಬರ್ 14ರಂದು, ಲಂಡನ್ನಿನಲ್ಲಿ. ಅಪ್ಪ ರಾಬರ್ಟ್ ಫಾಲ್ಕನ್ ಸ್ಕಾಟ್. ಹೌದು, ದಕ್ಷಿಣ ಧ್ರುವಕ್ಕೆ ಹೋದ ಅದೇ ಕ್ಯಾಪ್ಟನ್ ಸ್ಕಾಟ್. ಧ್ರುವ ತಲುಪಿದಾಗ ನಾರ್ವೆಯ ಅಮುಂಡ್ಸನ್ ತಂಡ ಆಗಲೇ ಬಂದು ಬಾವುಟ ನೆಟ್ಟು ಹೋಗಿತ್ತು. ವಾಪಸ್ ಬರುವ ದಾರಿಯಲ್ಲಿ, 1912ರ ಮಾರ್ಚಿನಲ್ಲಿ, ಹಿಮದ ನಡುವೆ ಡೇರೆಯೊಳಗೇ ಕ್ಯಾಪ್ಟನ್ ಸ್ಕಾಟ್ ತೀರಿಕೊಂಡರು. ಮಗನಿಗೆ ಆಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ತಿಂಗಳುಗಳ ನಂತರ ಹುಡುಕಿ ಹೋದವರಿಗೆ ದೇಹದ ಜೊತೆ ಕಾಗದಗಳೂ ಸಿಕ್ಕವು. ಹೆಂಡತಿಗೆ ಬರೆದ ಕೊನೆಯ ಕಾಗದದಲ್ಲಿ ಮಗನ ಬಗ್ಗೆ ಒಂದು ಮಾತಿತ್ತು. ಸಾಧ್ಯವಾದರೆ ಹುಡುಗನಿಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿಸು, ಆಟೋಟಕ್ಕಿಂತ ಅದು ಮೇಲು ಎನ್ನುವ ಅರ್ಥದ್ದು. ಸಾಯುತ್ತಿರುವ ಮನುಷ್ಯ ಕೊರೆಯುವ ಚಳಿಯಲ್ಲಿ ಪೆನ್ಸಿಲ್ ಹಿಡಿದು ಬರೆದದ್ದು. ಅಮ್ಮ ಕ್ಯಾಥ್ಲೀನ್ ಹೆಸರಾಂತ ಶಿಲ್ಪಿ. ಅವರು ಆ ಮಾತನ್ನು ನಡೆಸಿಕೊಟ್ಟರು. ಹುಡುಗನನ್ನು ಬಯಲಿಗೆ ಬಿಟ್ಟರು. ಹುಳು, ಹಲ್ಲಿ, ಹಕ್ಕಿ ಅಂತ ಅವನು ಮನೆ ತುಂಬ ತಂದು ಗುಡ್ಡೆ ಹಾಕಿದರೂ ಬೈಯಲಿಲ್ಲ. ಅಮ್ಮನಿಂದ ಚಿತ್ರ ಬರೆಯುವ ಕೈಯೂ ಬಂತು.

ಆದರೆ ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಪ್ರಕೃತಿಯ ಮೇಲೆ ಪ್ರೀತಿ ಹುಟ್ಟಿದ ಹುಡುಗ ಮೊದಲು ಕೈಗೆತ್ತಿಕೊಂಡದ್ದು ಬೈನಾಕ್ಯುಲರ್ ಅಲ್ಲ, ಬಂದೂಕು.

ಕೆಸರಲ್ಲಿ ಮಲಗಿದ ಬೇಟೆಗಾರ

ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಸೇರಿದಾಗ ಪೀಟರ್ ಓದಲು ಹೊರಟದ್ದು ವಿಜ್ಞಾನ. ನಡುವೆ ಬ್ರಾಂಚ್ ಬದಲಾಯಿಸಿ ಕಲಾ ಇತಿಹಾಸಕ್ಕೆ ಬಂದ. ನಮ್ಮ ಕಾಲೇಜಿನಲ್ಲಿ ಬ್ರಾಂಚ್ ಚೇಂಜ್‌ಗೆ ಒದ್ದಾಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ನಿಜವಾದ ಕ್ಲಾಸು ನಡೀತಾ ಇದ್ದದ್ದು ಮಾತ್ರ ಹೊರಗಡೆ. ಪೂರ್ವ ಇಂಗ್ಲೆಂಡಿನ ಜೌಗು ಬಯಲುಗಳಲ್ಲಿ, ಸಮುದ್ರದ ನೀರು ಏರಿ ಇಳಿಯುವ ಕೆಸರುಹರವಿನಲ್ಲಿ, ಚಳಿಗಾಲದ ನಸುಕಿನಲ್ಲಿ.

ಚಳಿಗಾಲಕ್ಕೆ ಉತ್ತರದ ಹಿಮನಾಡುಗಳಿಂದ ಬಾತು, ಹೆಬ್ಬಾತುಗಳು ಇಂಗ್ಲೆಂಡಿಗೆ ಇಳಿಯುತ್ತವೆ. ಅವುಗಳ ಬೇಟೆಗೆ ಅಲ್ಲಿ ಒಂದು ವಿಶೇಷ ಸಲಕರಣೆ ಇತ್ತು. ಉದ್ದನೆಯ, ಚಪ್ಪಟೆ ತಳದ, ನೀರಿನ ಮಟ್ಟಕ್ಕೇ ಇರುವ ಒಂದು ದೋಣಿ. ಅದರ ಮುಂಭಾಗಕ್ಕೆ ಆಳುದ್ದದ, ಚಿಕ್ಕ ಫಿರಂಗಿಯಂಥ ಬಂದೂಕು. ಬೇಟೆಗಾರ ದೋಣಿಯಲ್ಲಿ ಬೋರಲು ಮಲಗಿ, ತಲೆ ಎತ್ತದೆ, ಸದ್ದು ಮಾಡದೆ, ಇಂಚಿಂಚೇ ಹಿಂಡಿನ ಹತ್ತಿರ ಸರಿಯಬೇಕು. ಒಂದು ಸಲ ಕುದುರೆ ಎಳೆದರೆ ಹತ್ತಾರು ಬಾತು ಒಟ್ಟಿಗೆ ಬೀಳುತ್ತಿದ್ದವು.

ಪೀಟರ್ ಇದರಲ್ಲಿ ಪಳಗಿದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೀರು ಯಾವಾಗ ಏರುತ್ತೆ, ಹಿಂಡು ಯಾವ ಬೆಳಕಿನಲ್ಲಿ ಯಾವ ದಾರಿಯಲ್ಲಿ ಬರುತ್ತೆ, ಕತ್ತು ಎಷ್ಟು ಎತ್ತಿದರೆ ಹಕ್ಕಿಗೆ ಅನುಮಾನ ಬಂದಿದೆ ಅಂತ ಅರ್ಥ — ಇದೆಲ್ಲ ಅವನಿಗೆ ಬಾಯಿಪಾಠವಾಯಿತು. ಗಮನಿಸಿ, ಇವತ್ತು ಒಳ್ಳೆಯ ಹಕ್ಕಿ ಫೋಟೊಗ್ರಾಫರ್‌ಗೆ ಬೇಕಾದದ್ದೂ ಇಷ್ಟೇ. ಹತ್ತು ಹೆಜ್ಜೆ ದಾಟುವ ವಿದ್ಯೆಯನ್ನು ಅವನು ಕಲಿತದ್ದು ಕೊಲ್ಲಲಿಕ್ಕೆ.

ಅದೇ ಹೊತ್ತಿಗೆ ಅವನು ನೋಡಿದ್ದನ್ನೆಲ್ಲ ಬಣ್ಣದಲ್ಲಿ ಬರೆಯುತ್ತಲೂ ಇದ್ದ. ಮ್ಯೂನಿಕ್‌ನಲ್ಲಿ, ಆಮೇಲೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಚಿತ್ರಕಲೆ ಕಲಿತ. 1933ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ದೊಡ್ಡ ಆಕಾಶ, ಕೆಳಗೆ ಸಣ್ಣ ನೀರು, ನಡುವೆ ಸಾಲುಗಟ್ಟಿ ಹಾರುವ ಬಾತುಗಳು. ಜನ ಮುಗಿಬಿದ್ದು ಕೊಂಡರು. 1935ರಲ್ಲಿ ‘ಮಾರ್ನಿಂಗ್ ಫ್ಲೈಟ್’, 1938ರಲ್ಲಿ ‘ವೈಲ್ಡ್ ಕೋರಸ್’ ಎಂಬ ಪುಸ್ತಕಗಳು ಬಂದವು. ಆ ವರ್ಷಗಳಲ್ಲಿ ಅವನ ಮನೆ ಯಾವುದು ಗೊತ್ತಾ? ಸಟನ್ ಬ್ರಿಜ್ ಎಂಬಲ್ಲಿ, ನದಿ ಸಮುದ್ರ ಸೇರುವ ದಾರಿಯ ದಂಡೆಯ ಮೇಲಿದ್ದ ಒಂದು ಪಾಳು ದೀಪಸ್ತಂಭ. ಅದನ್ನು ಬಾಡಿಗೆಗೆ ಹಿಡಿದು, ಸುತ್ತ ಕೊಳ ಮಾಡಿ, ಜೀವಂತ ಹೆಬ್ಬಾತುಗಳನ್ನು ಸಾಕತೊಡಗಿದ. ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಕುಂಚ, ಅಂಗಳದಲ್ಲಿ ಸಾಕಿದ ಹಕ್ಕಿ.

ಇದರ ಮಧ್ಯೆ ಹಾಯಿದೋಣಿ ಓಡಿಸುವ ಹುಚ್ಚು ಬೇರೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದ. ಆಟಕ್ಕಿಂತ ಪ್ರಕೃತಿ ಮೇಲು ಅಂದಿದ್ದ ಅಪ್ಪನ ಮಾತು ಅರ್ಧ ಮಾತ್ರ ನಡೆದಂತಾಯಿತು.

ಕತ್ತೆತ್ತಿ ಕೂತಿದ್ದ ಒಂದು ಹೆಬ್ಬಾತು

ಸಾವಿರಾರು ಹಕ್ಕಿಗಳನ್ನು ಹೊಡೆದವರ ಮನಸ್ಸು ತಿರುಗಿದ್ದು ಹೇಗೆ? ಸ್ಕಾಟ್ ತಮ್ಮ ಆತ್ಮಕಥೆಯಲ್ಲಿ ಒಂದು ಘಟನೆ ಹೇಳುತ್ತಾರೆ. ಒಂದು ದಿನ ಗೆಳೆಯರ ಜೊತೆ ಬೇಟೆಯಾಡಿ ಬೇಕಾದಷ್ಟು ಹೆಬ್ಬಾತು ಬಿದ್ದಿದ್ದವು. ಒಂದು ಹಕ್ಕಿ ಮಾತ್ರ ಗಾಯಗೊಂಡು ದೂರದ ಕೆಸರಿನ ಮೇಲೆ ಹೋಗಿ ಕೂತಿತು. ಕಾಲಿಟ್ಟರೆ ಮನುಷ್ಯ ಹೂತುಹೋಗುವಂಥ ಕೆಸರು. ಅದನ್ನು ತರೋ ಹಾಗಿಲ್ಲ, ಕೊಂದು ನೋವು ಮುಗಿಸೋ ಹಾಗೂ ಇಲ್ಲ. ಕಾಲು ಮುರಿದಿದ್ದ ಆ ಹಕ್ಕಿ ಕತ್ತು ನೆಟ್ಟಗೆ ಎತ್ತಿಕೊಂಡು ಕೂತೇ ಇತ್ತು. ಮಾರನೆಯ ದಿನ ಹೋಗಿ ನೋಡಿದರೂ ಹಾಗೇ ಇತ್ತು.

ನೂರು ಹಕ್ಕಿ ಬಿದ್ದಾಗ ಆಗದ್ದು ಒಂದು ಹಕ್ಕಿ ಬೀಳದೆ ಉಳಿದಾಗ ಆಯಿತು. ನಮ್ಮ ಖುಷಿಗೆ ಇದನ್ನು ಈ ಗತಿಗೆ ತರಲು ನಮಗೇನು ಹಕ್ಕಿದೆ ಎಂದು ತಾವು ಕೇಳಿಕೊಂಡದ್ದಾಗಿ ಅವರು ಬರೆಯುತ್ತಾರೆ. ಸಿನಿಮಾದಲ್ಲಾದರೆ ಅಲ್ಲೇ ಬಂದೂಕು ನದಿಗೆ ಎಸೆಯುತ್ತಿದ್ದರು. ಸ್ಕಾಟ್ ಹಾಗೆ ಮಾಡಲಿಲ್ಲ. ಆ ದಿನದ ನಂತರವೂ ಬೇಟೆ ಮುಂದುವರಿಯಿತು. ಪೂರ್ತಿ ಬಿಡಲು ವರ್ಷಗಳೇ ಹಿಡಿದವು. ನಮಗೆ ಈ ಭಾಗ ಇಷ್ಟವಾಗಲು ಕಾರಣವೂ ಅದೇ. ಒಂದು ಪ್ರಶ್ನೆ ಮನಸ್ಸಿಗೆ ಬಿದ್ದ ದಿನವೇ ಮನುಷ್ಯ ಬದಲಾಗುವುದಿಲ್ಲ. ಆದರೆ ಸ್ಕಾಟ್ ಆ ಪ್ರಶ್ನೆಯನ್ನು ಮರೆಯಲೂ ಇಲ್ಲ.

ನಡುವೆ ಯುದ್ಧ ಬಂತು. ಸ್ಕಾಟ್ ಬ್ರಿಟಿಷ್ ನೌಕಾಪಡೆ ಸೇರಿ ‘ಬ್ರೋಕ್’ ಎಂಬ ಹಡಗಿನಲ್ಲಿದ್ದರು. ಅಲ್ಲೊಂದು ಇಂಜಿನಿಯರಿಂಗ್ ಸಮಸ್ಯೆ ಎದುರಾಯಿತು. ರಾತ್ರಿ ಹೊತ್ತು ಹಡಗು ಶತ್ರುವಿನ ಕಣ್ಣಿಗೆ ಬೀಳದ ಹಾಗೆ ಏನು ಬಣ್ಣ ಬಳಿಯಬೇಕು? ರಾತ್ರಿ ಅಂದ್ರೆ ಕತ್ತಲೆ, ಹಾಗಾದ್ರೆ ಕಪ್ಪು ಅಂತ ನಾವಾದರೆ ಹೇಳಿಬಿಡುತ್ತಿದ್ದೆವು. ಸ್ಕಾಟ್ ಹೇಳಿದ್ದು ಉಲ್ಟಾ. ಎಂಥ ಕತ್ತಲೆಯಲ್ಲೂ ಆಕಾಶ ಹಡಗಿಗಿಂತ ತುಸು ಬೆಳ್ಳಗೇ ಇರುತ್ತೆ. ಅದರ ಎದುರು ಹಡಗು ಕಪ್ಪಾಗಿ ಎದ್ದು ಕಾಣುತ್ತೆ. ಆದ್ದರಿಂದ ಬಿಳಿ, ತಿಳಿನೀಲಿ, ತಿಳಿಹಸಿರು ಬಳಿಯಬೇಕು. ಅವರು ತಮ್ಮ ಹಡಗಿಗೇ ಹಾಗೆ ಬಳಿಸಿದರು. ಮುಂದೆ ಅಟ್ಲಾಂಟಿಕ್‌ನಲ್ಲಿ ಓಡಾಡುವ ಬ್ರಿಟಿಷ್ ಬೆಂಗಾವಲು ಹಡಗುಗಳಿಗೆ ಈ ಪದ್ಧತಿಯನ್ನೇ ಒಪ್ಪಿಕೊಂಡರು. ನಸುಕು ಮುಸ್ಸಂಜೆಗಳಲ್ಲಿ ಕೆಸರಲ್ಲಿ ಮಲಗಿ, ಆಕಾಶದ ಎದುರು ಹಾರುವ ಬಾತುಗಳನ್ನು ಅಷ್ಟು ವರ್ಷ ನೋಡಿದವರಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ ಅಂತ ನಮಗನ್ನಿಸುತ್ತೆ. ಆಮೇಲೆ ಹಬೆಯಂತ್ರದ ವೇಗದ ಗನ್‌ಬೋಟುಗಳ ತುಕಡಿಗೆ ನಾಯಕರಾದರು. ತಮ್ಮ ಬೋಟಿನ ಹೆಸರು ‘ಗ್ರೇ ಗೂಸ್’. ಅಂದರೆ ಬೂದು ಹೆಬ್ಬಾತು. ಯುದ್ಧದಲ್ಲೂ ಹಕ್ಕಿ ಬಿಡಲಿಲ್ಲ.

1945ರಲ್ಲಿ ಪಾರ್ಲಿಮೆಂಟ್ ಚುನಾವಣೆಗೂ ನಿಂತು ಸ್ವಲ್ಪದರಲ್ಲಿ ಸೋತರು. ಬಾತುಗಳ ಪುಣ್ಯ.

ಬಂದೂಕು ಹೋಗಿ ಬಲೆ ಬಂತು

ಅದೇ 1945ರ ಡಿಸೆಂಬರಿನಲ್ಲಿ ಸ್ಕಾಟ್ ಸೆವರ್ನ್ ನದಿಯ ಅಳಿವೆಯ ಬಳಿ ಸ್ಲಿಮ್‌ಬ್ರಿಜ್ ಎಂಬ ಹಳ್ಳಿಗೆ ಹೋದರು. ಯುದ್ಧಕಾಲದಲ್ಲಿ ಕಟ್ಟಿದ್ದ ಒಂದು ಕಾಂಕ್ರೀಟ್ ಕಾವಲುಗೂಡು ಅಲ್ಲಿತ್ತು. ಶತ್ರು ಸೈನಿಕರ ಮೇಲೆ ಗುಂಡು ಹಾರಿಸಲು ಬಿಟ್ಟಿದ್ದ ಕಿಂಡಿಯಿಂದ ಹೆಬ್ಬಾತುಗಳನ್ನು ನೋಡಿದರು. ಬಿಳಿ ಹಣೆಯ ಹೆಬ್ಬಾತುಗಳ ದೊಡ್ಡ ಹಿಂಡು ಬಯಲಲ್ಲಿ ಮೇಯುತ್ತಿತ್ತು. ಆ ಹಿಂಡಿನ ನಡುವೆ ಅದೇ ರೀತಿ ಕಾಣುವ, ಆದರೆ ಕಣ್ಣಿನ ಸುತ್ತ ಹಳದಿ ಉಂಗುರ ಇರುವ ಇನ್ನೊಂದು ಅಪರೂಪದ ಜಾತಿಯ ಹಕ್ಕಿಯನ್ನು ಗುರುತಿಸಿದರು. ಹುಲ್ಲಿನ ರಾಶಿಯಲ್ಲಿ ಸೂಜಿ ಸಿಕ್ಕ ಹಾಗೆ. ಇಂಥ ಜಾಗ ಕಳೆದುಕೊಳ್ಳಬಾರದು ಅಂತ ಅಲ್ಲೇ ತೀರ್ಮಾನಿಸಿದರು. 1946ರ ನವೆಂಬರ್ 10ರಂದು ಅಲ್ಲಿ ಸೆವರ್ನ್ ವೈಲ್ಡ್‌ಫೌಲ್ ಟ್ರಸ್ಟ್ ಹುಟ್ಟಿತು. ನೀರುಹಕ್ಕಿಗಳ ಅಧ್ಯಯನ ಮತ್ತು ರಕ್ಷಣೆಗೆ ಮೀಸಲಾದ ಸಂಸ್ಥೆ.

ಹಕ್ಕಿಗಳನ್ನು ಉಳಿಸಬೇಕಾದರೆ ಮೊದಲು ಅವು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ, ಎಷ್ಟು ವರ್ಷ ಬದುಕುತ್ತವೆ ಅಂತ ಗೊತ್ತಾಗಬೇಕು. ಆಗ ಜಿಪಿಎಸ್ ಇಲ್ಲ. ಇದ್ದದ್ದು ಒಂದೇ ದಾರಿ. ಹಿಡಿದು ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುವುದು, ಇನ್ನೆಲ್ಲೋ ಅದು ಮತ್ತೆ ಸಿಕ್ಕಾಗ ಸುದ್ದಿ ಬರಲಿ ಅಂತ ಕಾಯುವುದು. ಆದರೆ ಹತ್ತು ಹೆಜ್ಜೆ ಹತ್ತಿರ ಬರಗೊಡದ ಹಕ್ಕಿಯನ್ನು ಗಾಯವಾಗದಂತೆ ಹಿಡಿಯುವುದು ಹೇಗೆ? ಬೇಟೆಗಾರನ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು.

ಬಾತುಗಳಿಗೆ ಬಳಸಿದ್ದು ಹಳೆಯ ಒಂದು ಉಪಾಯ. ಡಿಕಾಯ್ ಅಂತಾರೆ. ಒಂದು ಕೊಳದಿಂದ ಬಾಗಿದ ಕಾಲುವೆಗಳು ಹೊರಡುತ್ತವೆ. ಮೇಲೆ ಕಮಾನುಗಳ ಮೇಲೆ ಬಲೆ. ಹೋಗ್ತಾ ಹೋಗ್ತಾ ಕಾಲುವೆ ಕಿರಿದಾಗಿ ಕೊನೆಗೆ ಚೀಲದಂತೆ ಮುಗಿಯುತ್ತೆ. ಪಕ್ಕದಲ್ಲಿ ಜೊಂಡಿನ ತಡಿಕೆಗಳು. ಪಳಗಿದ ನಾಯಿಯೊಂದು ತಡಿಕೆಗಳ ಸಂದಿಯಲ್ಲಿ ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುತ್ತ ಕಾಲುವೆಯ ಒಳಗಡೆ ಸಾಗುತ್ತೆ. ನಾಯಿ ಕಂಡರೆ ಬಾತು ಓಡಬೇಕಲ್ವಾ? ಇಲ್ಲ. ದೂರ ಹೋಗುತ್ತಿರುವ ಶತ್ರುವಿನ ಮೇಲೆ ಒಂದು ಕಣ್ಣಿಟ್ಟಿರುವುದು ಬಾತಿನ ಸ್ವಭಾವ. ಅದರ ಹಿಂದೆಯೇ ಈಜಿಕೊಂಡು ಬರುತ್ತವೆ. ಸಾಕಷ್ಟು ಒಳಗೆ ಬಂದ ಮೇಲೆ ಮನುಷ್ಯ ಹಿಂದಿನಿಂದ ಕಾಣಿಸಿಕೊಳ್ಳುತ್ತಾನೆ. ಬಾತುಗಳು ಮುಂದಕ್ಕೆ ಹಾರಿ ಚೀಲ ಸೇರುತ್ತವೆ. ಶತಮಾನಗಳ ಕಾಲ ಹೀಗೆ ಹಿಡಿದ ಬಾತು ಮಾರುಕಟ್ಟೆಗೆ ಹೋಗುತ್ತಿತ್ತು. ಸ್ಲಿಮ್‌ಬ್ರಿಜ್‌ನಲ್ಲಿ ಉಂಗುರ ತೊಟ್ಟು ವಾಪಸ್ ಆಕಾಶಕ್ಕೆ ಹೋಯಿತು. ಸಲಕರಣೆ ಅದೇ, ಉದ್ದೇಶ ಬೇರೆ.

ಬಯಲಲ್ಲಿ ಮೇಯುವ ಹೆಬ್ಬಾತುಗಳಿಗೆ ಡಿಕಾಯ್ ನಡೆಯದು. ಅದಕ್ಕೆ ಸ್ಕಾಟ್ ಮತ್ತು ಸಂಗಡಿಗರು ರಾಕೆಟ್ ಬಲೆ ತಯಾರಿಸಿದರು. ದೊಡ್ಡ ಬಲೆಯನ್ನು ಮಡಿಸಿ ಹುಲ್ಲಿನಲ್ಲಿ ಮರೆಮಾಡುವುದು, ಅದರ ಅಂಚಿಗೆ ಸಣ್ಣ ರಾಕೆಟ್‌ಗಳನ್ನು ಕಟ್ಟುವುದು, ದೂರದ ಮರೆಯಲ್ಲಿ ಕೂತು ಹಕ್ಕಿಗಳು ಸರಿಯಾದ ಜಾಗಕ್ಕೆ ಬರುವ ತನಕ ಕಾಯುವುದು, ಆಮೇಲೆ ಗುಂಡಿ ಒತ್ತುವುದು. ಹಕ್ಕಿಗಳು ರೆಕ್ಕೆ ಬಿಚ್ಚುವ ಮೊದಲೇ ಬಲೆ ಅವುಗಳ ತಲೆ ಮೇಲಿಂದ ಹಾರಿ ಆಚೆ ಬೀಳಬೇಕು. ಟೈಮಿಂಗ್ ಸ್ವಲ್ಪ ತಪ್ಪಿದರೂ ಹಕ್ಕಿಗೆ ಪೆಟ್ಟು. 1948ರಲ್ಲಿ ಇದು ಮೊದಲ ಬಾರಿ ಹೆಬ್ಬಾತುಗಳ ಮೇಲೆ ಕೆಲಸ ಮಾಡಿತು. ಇದೇ ತತ್ವದ ಬಲೆಗಳನ್ನು ಇಂದಿಗೂ ಹಕ್ಕಿ ಸಂಶೋಧಕರು ಬಳಸುತ್ತಾರೆ.

ಗುಲಾಬಿ ಕಾಲಿನ ಹೆಬ್ಬಾತುಗಳ ಗೂಡು ಹುಡುಕಿಕೊಂಡು 1951ರಲ್ಲಿ ಐಸ್‌ಲ್ಯಾಂಡಿನ ಒಳನಾಡಿಗೆ ಕುದುರೆಗಳ ಮೇಲೆ ಹೋದರು. ಗರಿ ಉದುರಿ ಹೊಸ ಗರಿ ಬರುವ ಕೆಲವು ವಾರ ಹೆಬ್ಬಾತುಗಳಿಗೆ ಹಾರಲು ಆಗುವುದಿಲ್ಲ. ಹಿಂದಿನ ಕಾಲದ ಐಸ್‌ಲ್ಯಾಂಡಿನವರು ಆ ಸಮಯ ನೋಡಿ ಅವುಗಳನ್ನು ಕುರಿಯಂತೆ ಅಟ್ಟಿ ಕಲ್ಲಿನ ದೊಡ್ಡಿಗೆ ಕೂಡುತ್ತಿದ್ದರು. ಆ ದೊಡ್ಡಿಗಳ ಅವಶೇಷ ನೋಡಿಯೇ ಸ್ಕಾಟ್ ತಂಡಕ್ಕೆ ಉಪಾಯ ಹೊಳೆಯಿತು. ಆ ವರ್ಷ ಸಾವಿರಕ್ಕೂ ಹೆಚ್ಚು, 1953ರಲ್ಲಿ ಮತ್ತೆ ಹೋಗಿ ಎಂಟು ಸಾವಿರಕ್ಕೂ ಹೆಚ್ಚು ಹೆಬ್ಬಾತುಗಳಿಗೆ ಉಂಗುರ ತೊಡಿಸಿದರು. ಮೊದಲ ಮದುವೆ, ಕಾದಂಬರಿಕಾರ್ತಿ ಎಲಿಜಬೆತ್ ಜೇನ್ ಹವರ್ಡ್ ಅವರೊಂದಿಗಿನದು, ಅಷ್ಟರಲ್ಲಿ ಮುರಿದಿತ್ತು. 1951ರ ಆ ಯಾತ್ರೆಯಲ್ಲಿ ಜೊತೆಗಿದ್ದ ಫಿಲಿಪ್ಪಾ ಅವರನ್ನು ಐಸ್‌ಲ್ಯಾಂಡಿನ ರಾಜಧಾನಿಯಲ್ಲೇ ಮದುವೆಯಾದರು. ಮಗಳಿಗೆ ಇಟ್ಟ ಹೆಸರು ಡಾಫಿಲಾ. ಅದು ಸೂಜಿಬಾಲದ ಬಾತಿಗೆ ಹಿಂದೆ ಇದ್ದ ವೈಜ್ಞಾನಿಕ ಹೆಸರು. ನಮ್ಮ ಕೆರೆಗಳಿಗೂ ಚಳಿಗಾಲದಲ್ಲಿ ಬರುವ ಅದೇ ಬಾತು.

ಎರಡೂ ಮೊಟ್ಟೆ ಇಟ್ಟವು

ಹವಾಯಿ ದ್ವೀಪಗಳಲ್ಲಿ ನೇನೇ ಎಂಬ ಹೆಬ್ಬಾತು ಇದೆ. ಒಂದು ಕಾಲಕ್ಕೆ ಸಾವಿರಾರು ಇದ್ದದ್ದು ಬೇಟೆ, ಹೊರಗಿನಿಂದ ಬಂದ ಮುಂಗುಸಿ, ನಾಯಿ, ಬೆಕ್ಕುಗಳಿಂದಾಗಿ 1950ರ ಹೊತ್ತಿಗೆ ಸುಮಾರು 30ಕ್ಕೆ ಇಳಿದಿತ್ತು. ಸ್ಕಾಟ್ ತಮ್ಮ ಸಂಸ್ಥೆಯ ಜಾನ್ ಯೆಲ್ಲಂಡ್ ಎಂಬುವರನ್ನು ಅಲ್ಲಿಗೆ ಕಳಿಸಿದರು. ಅವರು ಒಂದು ಜೋಡಿಯನ್ನು ಸ್ಲಿಮ್‌ಬ್ರಿಜ್‌ಗೆ ತಂದರು. ಗಂಡು ಹೆಣ್ಣು ನೋಡಲು ಒಂದೇ ಥರ. ಎಲ್ಲರೂ ಕಾದರು. ಸರಿಯಾದ ಸಮಯಕ್ಕೆ ಒಂದು ಮೊಟ್ಟೆ ಇಟ್ಟಿತು. ಆಮೇಲೆ ಇನ್ನೊಂದೂ ಮೊಟ್ಟೆ ಇಟ್ಟಿತು! ಎರಡೂ ಹೆಣ್ಣು.

ಕೂಡಲೇ ಹವಾಯಿಗೆ ತಂತಿ ಹೋಯಿತು. ಒಂದು ಗಂಡು ವಿಮಾನದಲ್ಲಿ ಬಂತು. 1952ರಲ್ಲಿ ಮರಿಗಳಾದವು. ಹತ್ತು ವರ್ಷಗಳಲ್ಲಿ ಸಂಖ್ಯೆ ಎಷ್ಟು ಬೆಳೆಯಿತೆಂದರೆ, 1962ರಲ್ಲಿ ಸ್ಲಿಮ್‌ಬ್ರಿಜ್‌ನಲ್ಲಿ ಬೆಳೆದ ಹಕ್ಕಿಗಳನ್ನು ಮಾಯಿ ದ್ವೀಪದ ಹಲೆಯಕಲಾ ಜ್ವಾಲಾಮುಖಿಯ ಕುಳಿಗೆ ವಾಪಸ್ ಬಿಟ್ಟರು. ಸ್ಕೌಟ್ ಹುಡುಗರು ಪೆಟ್ಟಿಗೆಗಳಲ್ಲಿಟ್ಟು ಬೆನ್ನ ಮೇಲೆ ಹೊತ್ತು ಸಾಗಿಸಿದರು. ಹವಾಯಿಯಲ್ಲೂ ಸಾಕಿ ಬಿಡುವ ಕೆಲಸ ನಡೆಯಿತು. ಇಂದು ನೇನೇ ಸಾವಿರಗಳ ಲೆಕ್ಕದಲ್ಲಿದೆ. ಹಾಗಂತ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಕೆಲವೇ ಹಕ್ಕಿಗಳಿಂದ ಬೆಳೆದ ಸಂತತಿಯಲ್ಲಿ ಒಳಸಂಬಂಧದ ತೊಂದರೆ ಕಾಣಿಸಿಕೊಂಡಿತು. ಸ್ಲಿಮ್‌ಬ್ರಿಜ್‌ನ ಕೊಳಗಳಲ್ಲಿದ್ದ ಸಾಕುಹಕ್ಕಿಗಳು ಹಾರಿಹೋಗದಂತೆ ರೆಕ್ಕೆಯ ತುದಿ ಕತ್ತರಿಸುತ್ತಿದ್ದರು. ಅದು ಸರಿಯೇ ಅನ್ನುವ ಪ್ರಶ್ನೆಯನ್ನು ಇಂದಿನವರು ಕೇಳುತ್ತಾರೆ, ಕೇಳಲೇಬೇಕು.

ಇದರ ಪಕ್ಕದಲ್ಲಿ ನಮ್ಮ ದೇಶದ ಒಂದು ಹಕ್ಕಿಯನ್ನು ಇಟ್ಟು ನೋಡಿ. ಗುಲಾಬಿ ತಲೆಯ ಬಾತು. ಗಂಗಾ ಬಯಲಿನ ಜೌಗಿನಲ್ಲಿ ಇದ್ದದ್ದು. 1935ರಲ್ಲಿ ಬಿಹಾರದಲ್ಲಿ ಗುಂಡಿಗೆ ಬಿದ್ದದ್ದೇ ಅದರ ಕೊನೆಯ ಖಚಿತ ದಾಖಲೆ ಅನ್ನುತ್ತಾರೆ. ಇಂಗ್ಲೆಂಡಿನ ಒಬ್ಬ ಶ್ರೀಮಂತರ ತೋಟದ ಕೊಳದಲ್ಲಿ ಸಾಕಿದ್ದ ಕೆಲವು ಹಕ್ಕಿಗಳ ಕಪ್ಪುಬಿಳುಪು ಫೋಟೊಗಳು ಉಳಿದಿವೆ. ಫೋಟೊ ಇದೆ, ಬಾತು ಇಲ್ಲ. ಕ್ಲಿಕ್ ಮಾಡುವುದಷ್ಟೇ ಸಾಲದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊಕ್ಕೇ ಆಧಾರ್ ಕಾರ್ಡು

ಸ್ಕಾಟ್ ಅವರ ಮನೆ ಸ್ಲಿಮ್‌ಬ್ರಿಜ್‌ನ ಆವರಣದಲ್ಲೇ ಇತ್ತು. ಅವರು ಚಿತ್ರ ಬರೆಯುವ ಕೋಣೆಗೆ ಒಂದು ಗೋಡೆಯಷ್ಟು ದೊಡ್ಡ ಕಿಟಕಿ. ಹೊರಗೇ ಕೊಳ. 1964ರ ಚಳಿಗಾಲದಲ್ಲಿ ಆ ಕೊಳಕ್ಕೆ ರಷ್ಯಾದ ಹಿಮಬಯಲಿನಿಂದ ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ಹಾರಿ ಬಂದ ಬ್ಯೂಯಿಕ್ ಹಂಸಗಳು ಇಳಿಯತೊಡಗಿದವು. ಈ ಹಂಸದ ಕೊಕ್ಕಿನಲ್ಲಿ ಕಪ್ಪು ಮತ್ತು ಹಳದಿ ಬಣ್ಣ ಇರುತ್ತೆ. ಕಿಟಕಿಯಿಂದ ದಿನವೂ ನೋಡುತ್ತಿದ್ದ ಸ್ಕಾಟ್‌ಗೆ ಒಂದು ವಿಷಯ ಹೊಳೆಯಿತು. ಕಪ್ಪು ಹಳದಿ ಸೇರುವ ವಿನ್ಯಾಸ ಒಂದು ಹಂಸದ್ದಿದ್ದಂತೆ ಇನ್ನೊಂದರದ್ದಿಲ್ಲ.

ಅಲ್ಲಿಂದ ಶುರುವಾಯಿತು. ಒಂದೊಂದು ಹಂಸದ ಮುಖವನ್ನೂ ಎದುರಿನಿಂದ, ಪಕ್ಕದಿಂದ ಸಣ್ಣದಾಗಿ ಬರೆದು, ಅದಕ್ಕೊಂದು ಹೆಸರಿಟ್ಟು, ಕಡತ ಮಾಡಿದರು. ಹೆಂಡತಿ, ಮಗಳು ಡಾಫಿಲಾ ಎಲ್ಲರೂ ಕೈಜೋಡಿಸಿದರು. ಮುಂದಿನ ವರ್ಷ ಹಂಸ ಬಂದಾಗ ಕಡತ ತೆಗೆದು ನೋಡಿದರೆ, ಅರೆ, ಇವನು ಹೋದ ವರ್ಷ ಬಂದವನೇ! ಲ್ಯಾನ್ಸಲಾಟ್ ಎಂದು ಹೆಸರಿಟ್ಟ ಒಂದು ಗಂಡು ಹಂಸ ಇಪ್ಪತ್ತಕ್ಕೂ ಹೆಚ್ಚು ಚಳಿಗಾಲ ಅದೇ ಕೊಳಕ್ಕೆ ಬಂತು. ಯಾರು ಯಾರ ಜೋಡಿ, ಯಾರ ಮರಿ ಬದುಕಿತು, ಯಾರು ಈ ಸಲ ಒಂಟಿಯಾಗಿ ಬಂದರು — ಹಕ್ಕಿಯನ್ನು ಮುಟ್ಟದೆ, ಉಂಗುರವನ್ನೂ ತೊಡಿಸದೆ ಗೊತ್ತಾಗುತ್ತಿತ್ತು. ಕೆಲಸ ಮುಂದುವರಿದಂತೆ ಚಿತ್ರಗಳ ಜೊತೆಗೆ ಫೋಟೊಗಳೂ ಕಡತ ಸೇರಿದವು.

ಫೇಸ್ ರೆಕಗ್ನಿಷನ್ ಪ್ರಾಜೆಕ್ಟ್ ಮಾಡುವ ಗೆಳೆಯರೇ, ಡೇಟಾಸೆಟ್ ಅಂದರೆ ಇದು. ಲೇಬಲ್ ಹಾಕಿದ್ದು ಕೈಯಲ್ಲಿ, ಮಾಡೆಲ್ ಓಡುತ್ತಿದ್ದದ್ದು ತಲೆಯಲ್ಲಿ.

ಹಿಂದೆ ತಿರುಗಿ ನೋಡಿದರೆ ಸ್ಕಾಟ್ ಆ ಹತ್ತು ಹೆಜ್ಜೆಯನ್ನು ಮೂರು ಸಲ ದಾಟಿದರು. ಮೊದಲು ಗುಂಡಿನಿಂದ, ಆಮೇಲೆ ಬಲೆಯಿಂದ. ಮೂರನೆಯ ಸಲ ಅವರು ಹೆಜ್ಜೆಯನ್ನೇ ಇಡಲಿಲ್ಲ. ಕಿಟಕಿ ಹಿಂದೆ ಸುಮ್ಮನೆ ಕೂತರು. ಹಕ್ಕಿಗಳೇ ಬಂದವು.

ಮತ್ತು ತಪ್ಪುಗಳು

ಬಾತುಗಳಿಂದ ಹೊರಟ ಈ ಮನುಷ್ಯ ಎಲ್ಲಿಗೆಲ್ಲ ಮುಟ್ಟಿದರು ಅಂತ ಪಟ್ಟಿ ಮಾಡಿದರೆ ಉಸಿರು ಕಟ್ಟುತ್ತೆ. 1955ರಿಂದ ಬಿಬಿಸಿಯಲ್ಲಿ ‘ಲುಕ್’ ಎಂಬ ವನ್ಯಜೀವಿ ಕಾರ್ಯಕ್ರಮ ನಡೆಸಿಕೊಟ್ಟರು. 1961ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಟ್ಟಿದವರಲ್ಲಿ ಒಬ್ಬರಾದರು. ಆ ಸಂಸ್ಥೆಯ ಪಾಂಡಾ ಚಿಹ್ನೆ ಇದೆಯಲ್ಲ, ಗೆರಾಲ್ಡ್ ವಾಟರ್ಸನ್ ಎಂಬುವರ ಕರಡು ಚಿತ್ರಗಳನ್ನು ನೋಡಿ ಅದಕ್ಕೆ ರೂಪ ಕೊಟ್ಟವರು ಸ್ಕಾಟ್. ಆರಂಭದಲ್ಲಿ ಹೇಳಿದ ಚಿತ್ರ ಅದೇ. ಕಪ್ಪುಬಿಳುಪಿನ ಪ್ರಾಣಿಯಾದರೆ ಪ್ರಿಂಟಿಂಗ್ ಖರ್ಚೂ ಕಡಿಮೆ ಎನ್ನುವ ಲೆಕ್ಕವೂ ಅದರಲ್ಲಿತ್ತು. ಅಳಿವಿನಂಚಿನ ಜೀವಿಗಳನ್ನು ದಾಖಲಿಸುವ ಕೆಂಪು ಪುಸ್ತಕಗಳ ಹಿಂದಿನ ಯೋಚನೆಯೂ ಅವರದ್ದೇ. 1973ರಲ್ಲಿ ಅವರಿಗೆ ಸರ್ ಪದವಿ ಬಂತು.

ಎಡವಿದ್ದೂ ಉಂಟು. 1964ರಲ್ಲಿ ಅಮೆರಿಕಾಸ್ ಕಪ್ ದೋಣಿ ಸ್ಪರ್ಧೆಯಲ್ಲಿ ಬ್ರಿಟನ್ನಿನ ದೋಣಿ ನಡೆಸಿ ನಾಲ್ಕಕ್ಕೆ ನಾಲ್ಕೂ ಸೋತರು. ಇನ್ನೊಂದು, ಕ್ಯಾಮೆರಾ ಹಿಡಿಯುವ ನಾವೆಲ್ಲ ತಿಳಿದಿರಬೇಕಾದದ್ದು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ದೈತ್ಯ ಪ್ರಾಣಿ ಇದೆ ಎನ್ನುವ ಕಥೆ ನಿಮಗೆ ಗೊತ್ತಿರುತ್ತೆ. ಅಮೆರಿಕದ ರಾಬರ್ಟ್ ರೈನ್ಸ್ ತಂಡ ನೀರಿನಡಿ ತೆಗೆದ ಫೋಟೊಗಳಲ್ಲಿ ಈಜುರೆಕ್ಕೆಯಂಥ ಆಕಾರ ಕಂಡಿತ್ತು. ಸ್ಕಾಟ್ ಅದನ್ನು ನಂಬಿದರು. 1975ರಲ್ಲಿ ಇಬ್ಬರೂ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಆ ಪ್ರಾಣಿಗೆ ವೈಜ್ಞಾನಿಕ ಹೆಸರನ್ನೂ ಇಟ್ಟರು. ಆ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ಸರ್ ಪೀಟರ್ ಅವರ ರಾಕ್ಷಸ ಮೋಸ ಎನ್ನುವ ಅರ್ಥ ಬರುತ್ತೆ ಅಂತ ಯಾರೋ ಕಂಡುಹಿಡಿದು ಊರೆಲ್ಲ ನಕ್ಕಿತು. ಮೂಲಚಿತ್ರಕ್ಕೂ ತಿದ್ದಿ ತೀಡಿ ಅಚ್ಚಾದ ಚಿತ್ರಕ್ಕೂ ಬಹಳ ಅಂತರವಿತ್ತು. ಹಂಸದ ಕೊಕ್ಕನ್ನು ತಮ್ಮ ಕಣ್ಣಿನಿಂದ ನೋಡಿದಾಗ ತಪ್ಪದ ಮನುಷ್ಯ, ಬೇರೆಯವರು ತೆಗೆದ ಮಸುಕು ಫೋಟೊ ನೋಡಿ ತಪ್ಪಿದರು. ಇವತ್ತು ಒಂದು ಬಟನ್ ಒತ್ತಿದರೆ ಮಸುಕು ಬಾತಿಗೆ ಫೋನೇ ಗರಿ ಬಿಡಿಸಿಕೊಡುತ್ತೆ. ಇರದ ಗರಿಯನ್ನೂ.

ಸ್ಕಾಟ್ 1989ರ ಆಗಸ್ಟ್ 29ರಂದು ಬ್ರಿಸ್ಟಲ್‌ನಲ್ಲಿ ತೀರಿಕೊಂಡರು. 80 ತುಂಬಲು ಎರಡೇ ವಾರ ಬಾಕಿ ಇತ್ತು.

ನಮ್ಮ ಕೆರೆಗೆ ಬಂದ ದಾರಿ

ಇಂಗ್ಲೆಂಡಿನ ಕಥೆ ನಮಗ್ಯಾಕೆ ಅಂತ ಕೇಳಬಹುದು. ನೀರುಹಕ್ಕಿಗಳ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಚೇರಿ ಬಹುಕಾಲ ಇದ್ದದ್ದು ಸ್ಲಿಮ್‌ಬ್ರಿಜ್‌ನಲ್ಲೇ. ಜೌಗುನೆಲಗಳನ್ನು ಉಳಿಸುವ 1971ರ ರಾಮ್ಸಾರ್ ಒಪ್ಪಂದಕ್ಕೆ ದುಡಿದವರಲ್ಲಿ ಆ ಮಂಡಳಿ ಮುಖ್ಯ. ಆ ಒಪ್ಪಂದದ ಪಟ್ಟಿಗೆ 2022ರಲ್ಲಿ ನಮ್ಮ ರಂಗನತಿಟ್ಟು ಸೇರಿತು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಅದೇ ಮಂಡಳಿ ಶುರು ಮಾಡಿದ ನೀರುಹಕ್ಕಿ ಗಣತಿ 1987ರಿಂದ ಭಾರತದಲ್ಲೂ ಪ್ರತಿ ಜನವರಿ ನಡೆಯುತ್ತಿದೆ. ಮಾಡುವವರು ಬಹುಪಾಲು ಸಂಬಳವಿಲ್ಲದ ಆಸಕ್ತರು. ವಿದ್ಯಾರ್ಥಿಗಳೂ ಇರುತ್ತಾರೆ.

ಉಂಗುರದ ಉಪಾಯವೂ ಇಲ್ಲಿಗೆ ಬಂದಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಕೆಲವಕ್ಕೆ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿರುತ್ತಾರೆ. ಅಂಥ ಹಕ್ಕಿಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದಂಡೆಯ ಮೇಲಿದ್ದ ಯಾರೋ ಪಟ್ಟಿಯ ನಂಬರ್ ಓದುವಷ್ಟು ಸ್ಪಷ್ಟವಾಗಿ ಫೋಟೊ ತೆಗೆದರೆ, ಸಾವಿರಾರು ಕಿಲೋಮೀಟರಿನ ದಾರಿ ಒಂದು ಕ್ಲಿಕ್ಕಿನಲ್ಲಿ ಗೊತ್ತಾಗುತ್ತೆ. ಅಂಥ ಫೋಟೊಗೆ ಲೈಕ್ ಕಮ್ಮಿ ಬರಬಹುದು, ಬೆಲೆ ಜಾಸ್ತಿ.

ಹಾಗಾಗಿ ಮುಂದಿನ ಸಲ ಕೆರೆಗೆ ಹೋದಾಗ ನಾವು ಮಾಡಬೇಕೆಂದುಕೊಂಡದ್ದು ಇಷ್ಟು. ಸೂರ್ಯ ಬೆನ್ನ ಹಿಂದೆ ಇರುವ ದಂಡೆ ಹುಡುಕಿ ಮೊದಲು ಕೂರುವುದು. ಅರ್ಧ ಗಂಟೆ ಕ್ಯಾಮೆರಾ ಮುಟ್ಟದೆ ನೋಡುವುದು. ಎಷ್ಟು ಜಾತಿ, ಎಷ್ಟು ಹಕ್ಕಿ ಅಂತ ಎಣಿಸಿ, ತಾರೀಖು ಜಾಗದ ಸಮೇತ ಬರೆದಿಡುವುದು. ಡ್ರೋನ್ ಬೇಡ, ಕಲ್ಲು ಎಸೆದು ಹಾರಿಸುವುದಂತೂ ಬೇಡವೇ ಬೇಡ. ಒಂದು ಬಾತು ಕತ್ತು ಎತ್ತಿತೋ, ಅಲ್ಲಿಗೆ ನಿಲ್ಲುವುದು.

ಈ ಜನವರಿ ಗಣತಿಗೆ ಕನ್ನಡ ಸಂಘದಿಂದ ಹೊರಡೋಣ ಅಂತ ಇದ್ದೇವೆ. ಬೆಳಿಗ್ಗೆ ಆರಕ್ಕೆ ಹಾಸ್ಟೆಲ್ ಗೇಟ್ ಹತ್ತಿರ ಬನ್ನಿ. ಇರೋದು ಒಂದೇ ಬೈನಾಕ್ಯುಲರ್, ಸರದಿ ಪ್ರಕಾರ ನೋಡೋಣ.